ಒಂದು ಏಟಿಗೆ ಎರಡು ಹೆಜ್ಜೆ

ಮಾಲು ನೋಡಿ ದರ ಹೇಳುವವರ ಕಣ್ಣಿಗೆ ಶಂಕರೆಪ್ಪ ಮೊದಲ ನೋಟಕ್ಕೆ ಬೀಳುವ ಮಾಲಲ್ಲ. ಎತ್ತರ ಐದಡಿ ಏಳಿಂಚು, ತೂಕ ನಲವತ್ತೇಳು ಕಿಲೋ; ಅದೂ ಜೇಬಿನಲ್ಲಿ ಎಲೆ-ಅಡಿಕೆಯ ಚಂಚಿ ತುಂಬಿದ್ದಾಗ. ಅರಳೆಯಾಗಿದ್ದರೆ ಎಳೆ ಉದ್ದ ಐತಿ, ಬಲ ಇಲ್ಲ ಎಂದು ಪಕ್ಕಕ್ಕೆ ಇಡುತ್ತಿದ್ದೆವು. ಕಡಲೆಯಾಗಿದ್ದರೆ ಜೊಳ್ಳು ಎಂದು ತೂರಿಬಿಡುತ್ತಿದ್ದೆವು. ವಯಸ್ಸು ಐವತ್ನಾಲ್ಕು. ಕೈ ನೋಡಿದರೆ ಭಾರ ಎತ್ತಿದ ಕೈಯಲ್ಲ, ಕಾಲು ನೋಡಿದರೆ ಓಡಿದ ಕಾಲಲ್ಲ. ಕಿವಿ ಮಾತ್ರ ದೊಡ್ಡವು. ಆದರೆ ಬೈಲಹೊಂಗಲದ ಪೇಟೆಯಲ್ಲಿ ಕಿವಿ ನೋಡಿ ದರ ಕಟ್ಟುವ ರೂಢಿ ಇಲ್ಲ.

ಇಂಥ ಮನುಷ್ಯ ಆರು ವರ್ಷದಿಂದ ಊರಿನ ಜಿಮ್ಮಿನಲ್ಲಿ, ಮೂಲೆಯ ಕಬ್ಬಿಣದ ಖುರ್ಚಿಯ ಮೇಲೆ, ದಿನಾ ಬೆಳಗಿನ ಐದೂವರೆಯಿಂದ ಹತ್ತರ ತನಕ ಕುಳಿತಿರುತ್ತಾನೆ. ಸುತ್ತ ಇಪ್ಪತ್ತು ಮಂದಿ ಬೆವರು ಸುರಿಸುತ್ತಿದ್ದರೂ ಅವನ ಹಣೆಯ ವಿಭೂತಿ ಅಳಿಸಿರುವುದಿಲ್ಲ. ಹೊಸದಾಗಿ ಬಂದವರು ಅವನನ್ನು ನೋಡಿ, ಡಾಕ್ಟರು ಕಳಿಸಿದ ಆಸಾಮಿ ಇರಬೇಕು, ಪಾಪ ಇನ್ನೂ ಸುಧಾರಿಸಿಲ್ಲ ಎಂದುಕೊಳ್ಳುತ್ತಾರೆ. ಎರಡು ದಿನ ಕಳೆದ ಮೇಲೆ ಸಂಗತಿ ತಿಳಿಯುತ್ತದೆ. ಯಾರಿಗೆ, ಯಾವ ಕಸರತ್ತಿಗೆ, ಯಾವ ಹಾಡು ಎಂದು ಗೊತ್ತುಮಾಡುವವನು ಅವನೇ. ಅವನು ನೆಂಟರ ಮನೆಗೆ ಹೋದ ದಿನ ಜಿಮ್ಮಿನಲ್ಲಿ ಅರ್ಧ ಮಂದಿ ಗೋಡೆಗೆ ಒರಗಿ ಮೊಬೈಲ್ ನೋಡುತ್ತಾ ನಿಂತಿರುತ್ತಾರೆ.

ಶಂಕರೆಪ್ಪ ಮುರಗೋಡದವನು. ಹತ್ತು ವರ್ಷದವನಿದ್ದಾಗಲೇ ಭಜನಾ ಮೇಳದಲ್ಲಿ ತಾಳ ಹಿಡಿದು ಕುಳಿತವನು. ಮೇಳದಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಅಂದಾನೆಪ್ಪ ಎಂಬ ಹಿರಿಯರು ಅವನಿಗೆ ಕಲಿಸಿದ್ದು ಒಂದೇ ಪಾಠ: ಹಾಡುವವರ ಬಾಯಿ ನೋಡಬೇಡ, ಎದೆ ನೋಡು, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೋ ಅಲ್ಲಿ ತಾಳ ಸಣ್ಣದಾಗಬೇಕು. ಅಷ್ಟು ಪಾಠವನ್ನು ಬಂಡವಾಳ ಮಾಡಿಕೊಂಡು ಅವನು ಮುಂದೆ ಇಪ್ಪತ್ತು ವರ್ಷ ಮೈಕ್‌ಸೆಟ್ ಇಟ್ಟ. ಕಿತ್ತೂರು, ದೇಗಾಂವದಿಂದ ಹಿಡಿದು ರಾಮದುರ್ಗದ ಆಚೆಯ ತನಕ ಮದುವೆ ಮನೆಗಳಲ್ಲಿ ಅವನ ಕರ್ಣಗಳು, ಅಂದರೆ ತುತ್ತೂರಿ ಬಾಯಿಯ ಸ್ಪೀಕರುಗಳು, ಕೂಗಿದವು. ಅಡಿಗೆಯವರು ಪಲ್ಯ ಇನ್ನೂ ಇಳಿದಿಲ್ಲ ಎಂದು ಸನ್ನೆ ಮಾಡಿದರೆ ಶಂಕರೆಪ್ಪ ಎಳೆದು ಎಳೆದು ಹಾಡುವ ಹಾಡು ಹಚ್ಚುತ್ತಿದ್ದ. ಮಂದಿ ಕೋಸಂಬರಿಯನ್ನೇ ಚಪ್ಪರಿಸುತ್ತಾ ಕೂರುತ್ತಿದ್ದರು. ಹುಗ್ಗಿ ಕಡಿಮೆ ಬೀಳುವ ಲಕ್ಷಣ ಕಂಡರೆ ಕುಣಿಯುವ ಹಾಡು ಹಚ್ಚುತ್ತಿದ್ದ. ಪಂಕ್ತಿ ಕಾಲು ತಾಸಿನಲ್ಲಿ ಎದ್ದು ಕೈ ತೊಳೆಯುತ್ತಿತ್ತು. ತಾವು ಯಾಕೆ ಅವಸರದಿಂದ ಉಂಡೆವೆಂಬುದು ಬೀಗರಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ.

ಆಮೇಲೆ ಎದೆ ನಡುಗಿಸುವ ದೊಡ್ಡ ದೊಡ್ಡ ಡಿಜೆ ಪೆಟ್ಟಿಗೆಗಳು ಬಂದವು. ಶಂಕರೆಪ್ಪನ ಕರ್ಣಗಳು ಮನೆಯ ಅಟ್ಟ ಸೇರಿದವು. ಒಂದರಲ್ಲಿ ಹೆಂಡತಿ ಸುಂದರವ್ವ ಬೆಳ್ಳುಳ್ಳಿ ಹರವಿದಳು. ಆ ಹೊತ್ತಿಗೆ ಶ್ರೀಶೈಲ ಎಂಬ ಹಳೆಯ ಪೈಲ್ವಾನ ತನ್ನ ಅಜ್ಜನ ಅರಳೆ ತುಂಬಿಡುವ ವಖಾರಿಯನ್ನು ಖಾಲಿ ಮಾಡಿಸಿ ಜಿಮ್ಮು ತೆರೆದಿದ್ದ. ಸ್ಪೀಕರ್ ಕಟ್ಟಲು ಶಂಕರೆಪ್ಪನನ್ನು ಕರೆಸಿದ. ತಗಡಿನ ಮಾಡಿಗೆ ದನಿ ಬಡಿದು ವಾಪಸು ಬರುತ್ತದೆ ಎಂದು ಶಂಕರೆಪ್ಪ ಗೋಡೆಗೆಲ್ಲ ಹಳೆಯ ಗೋಣಿತಾಟು ಹೊಡೆಸಿದ. ಸರಿಯಾಯಿತೋ ಇಲ್ಲವೋ ಕೇಳೋಣ ಎಂದು ಒಂದು ಖುರ್ಚಿ ಎಳೆದುಕೊಂಡು ಕುಳಿತ. ಇನ್ನೂ ಎದ್ದಿಲ್ಲ.

ಕುಳಿತಲ್ಲಿಂದಲೇ ಅವನು ಕಂಡುಕೊಂಡದ್ದು ಬಹಳ. ಭಾರ ಎತ್ತುವವರಿಗೆ ಒಂದೇ ಸಮ ಬಡಿಯುವ ಹಾಡು ನಡೆಯುವುದಿಲ್ಲ. ನಾಲ್ಕು ಪೆಟ್ಟು ಬಿದ್ದು ಹಲಗೆವಾದ್ಯ ಅರೆಗಳಿಗೆ ನಿಲ್ಲಬೇಕು. ಆ ನಿಂತ ಸಂದಿನಲ್ಲಿ ಅವರು ಹಲ್ಲು ಕಚ್ಚಿ ಎತ್ತುತ್ತಾರೆ. ಬಸ್ಕಿ ಹೊಡೆಯುವವರಿಗೆ ಕೋಲಾಟದ ನಡೆ ಬೇಕು. ಕೋಲಿಗೆ ಕೋಲು ಕೂಡುವಾಗ ಕೆಳಗೆ, ಬಿಡುವಾಗ ಮೇಲೆ. ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಹೊಟ್ಟೆ ಕರಗಿಸಲು ಕೂರುವ ನಮ್ಮಂಥ ಅಂಗಡಿಕಾರರಿಗೆ ಬೇರೆ ಮದ್ದು. ನೀವು ಹತ್ತನೆಯ ತರಗತಿ ಪಾಸಾದದ್ದು ಯಾವ ವರ್ಷ ಎಂದು ಕೇಳುತ್ತಾನೆ, ಆ ವರ್ಷದ ಸಿನಿಮಾ ಹಾಡು ಹಚ್ಚುತ್ತಾನೆ. ಹದಿನಾರರ ನೆನಪಿನಲ್ಲಿ ಮನುಷ್ಯ ಗಡಿಯಾರ ನೋಡುವುದಿಲ್ಲ, ಇಪ್ಪತ್ತು ನಿಮಿಷ ತುಳಿದುಬಿಡುತ್ತಾನೆ. ಎಲ್ಲ ಮುಗಿಸಿ ಮೈ ಸಡಿಲ ಬಿಟ್ಟು ಅಂಗಾತ ಮಲಗಿದವರಿಗೆ ಬರೀ ಪೇಟಿ, ಮಾತು ಇರಬಾರದು. ಮಾತು ಇದ್ದರೆ ಅರ್ಥದ ಕಡೆ ಮನಸ್ಸು ಹರಿಯುತ್ತದೆ, ಅರ್ಥದ ಕಡೆ ಹರಿದರೆ ಮನೆಯದೇ ನೆನಪು ಎನ್ನುತ್ತಾನೆ.

ತಪ್ಪಿಯೂ ಬಿದ್ದಿದ್ದಾನೆ. ಕಿರಾಣಿ ಅಂಗಡಿಯ ದುಂಡಪ್ಪ ಒಮ್ಮೆ ಬೆಂಚಿನ ಮೇಲೆ ಮಲಗಿ ನಲವತ್ತು ಕಿಲೋ ಎತ್ತುತ್ತಿದ್ದಾಗ ಶಂಕರೆಪ್ಪ ಒಂದು ಹಳೆಯ ಹಾಡು ಹಚ್ಚಿದ. ದುಂಡಪ್ಪ ಪ್ರಾಯದಲ್ಲಿ ಸವದತ್ತಿಗೆ ಕನ್ಯಾ ನೋಡಲು ಹೋದ ದಿನ ಆ ಮನೆಯ ರೇಡಿಯೋದಲ್ಲಿ ಅದೇ ಹಾಡು ಬರುತ್ತಿತ್ತಂತೆ. ಆ ಸಂಬಂಧ ಕೂಡಿರಲಿಲ್ಲ. ಎದೆಯ ಮೇಲೆ ಇಳಿದ ಕಬ್ಬಿಣ ಮೇಲೇಳಲಿಲ್ಲ. ಶ್ರೀಶೈಲ ಓಡಿ ಬಂದು ಎತ್ತಿದ. ಕಣ್ಣೀರಲ್ಲ, ಬೆವರು ಎಂದು ದುಂಡಪ್ಪ ಇವತ್ತಿಗೂ ವಾದಿಸುತ್ತಾನೆ. ಅಂದಿನಿಂದ ಶಂಕರೆಪ್ಪ ಹಳೆಯ ಹಾಡು ಹಚ್ಚುವ ಮೊದಲು, ಇದಕ್ಕೂ ನಿಮಗೂ ಹಿಂದಿನ ಲೇವಾದೇವಿ ಏನಾದರೂ ಉಂಟೇನು ಎಂದು ವಿಚಾರಿಸಿಯೇ ಹಚ್ಚುವುದು.

ಇಷ್ಟೆಲ್ಲ ಬಲ್ಲವನು ಹೋದ ವರ್ಷ ಮಂಜುಳಾಳ ವಿಷಯದಲ್ಲಿ ಮಾತ್ರ ದೊಡ್ಡದಾಗಿಯೇ ಎಡವಿದ.

ಮಂಜುಳಾ ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಹುಡುಗಿ, ರೈತ ಹಣಮಂತಪ್ಪನ ಮಗಳು. ಚಿಕ್ಕಂದಿನಿಂದ ಬೈಲಹೊಂಗಲದಲ್ಲಿ ಸೋದರತ್ತೆ ಬಾಯವ್ವನ ಮನೆಯಲ್ಲಿದ್ದು ಕಾಲೇಜಿನ ತನಕ ಓದಿದವಳು. ಪೊಲೀಸ್ ಭರ್ತಿಯ ಬರೆಯುವ ಪರೀಕ್ಷೆಯನ್ನು ಎರಡು ಸಲ ಪಾಸು ಮಾಡಿದ್ದಳು. ಆದರೆ ಮೈದಾನದಲ್ಲಿ ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಮೊದಲ ಸಲ ನಾಲ್ಕು ಸೆಕೆಂಡಿನಿಂದ ತಪ್ಪಿತು. ಈಗ ಎರಡನೆಯ ಸಲ ಓಡಲು ಐದು ವಾರ ಉಳಿದಿದ್ದವು, ಮತ್ತು ಇದು ಕೊನೆಯ ಸಲ. ಮುಂದಿನ ಭರ್ತಿಯ ಹೊತ್ತಿಗೆ ವಯಸ್ಸಿನ ಮಿತಿ ದಾಟುತ್ತಿತ್ತು.

ಬಾಯವ್ವ ಅವಳನ್ನು ಜಿಮ್ಮಿಗೆ ಕರೆತಂದಳು. ಅರವತ್ತರ ಹೆಂಗಸು, ಸೀರೆಯ ಸೆರಗಿಗೆ ಸದಾ ಖಾರದ ಪುಡಿಯ ಘಾಟು. ಒಣಮೆಣಸಿನಕಾಯಿ ಕುಟ್ಟಿ ಖಾರ ಮಾಡಿಕೊಡುವುದು ಅವಳ ಕಸುಬು. ಗಿರಣಿಯ ಖಾರ ಬಿಸಿಯಾಗಿ ರುಚಿ ಕೆಡುತ್ತದೆ ಎನ್ನುವ ಮನೆಗಳೆಲ್ಲ ಅವಳ ಗಿರಾಕಿ. ಶ್ರೀಶೈಲ ಹುಡುಗಿಯನ್ನು ಎರಡು ದಿನ ಓಡಿಸಿ ನೋಡಿ ಮೂಲೆಯ ಖುರ್ಚಿಯ ಹತ್ತಿರ ಬಂದ.

“ಕಾಕಾ, ಕಾಲು ಅದಾವು, ದಮ್ಮೂ ಐತಿ. ನಾಕು ಸೆಕೆಂಡ್ ಎಲ್ಲಿ ಸೋರಿ ಹೋಗತಾವು ಗೊತ್ತಾಗವಲ್ದು. ನಿಮ್ಮ ಹಾಡಿನ್ಯಾಗರ ಸಿಗತಾವೇನು ನೋಡ್ರಿ.”

ಶಂಕರೆಪ್ಪನಿಗೆ ಹೆಮ್ಮೆಯಾಯಿತು. ಹೆಮ್ಮೆಯಾದ ಮನುಷ್ಯ ಮಾಲು ಪರೀಕ್ಷೆ ಮಾಡುವುದಿಲ್ಲ. ಓಟ ಎಂದೊಡನೆ ಅವನಿಗೆ ಹೊಳೆದದ್ದು ತೆರಬಂಡಿಯ ಹಲಗೆ. ಭಾರದ ಬಂಡಿಗೆ ಎತ್ತು ಹೂಡಿ, ಒಂದು ನಿಮಿಷದ ಗಡುವಿನಲ್ಲಿ ಎಷ್ಟು ದೂರ ಎಳೆಯುತ್ತವೆ ಎಂದು ನೋಡುವ ಆ ಪೈಪೋಟಿಯಲ್ಲಿ ಹಲಗೆಯವರು ಎತ್ತಿನ ಬೆನ್ನಿಗೇ ಓಡುತ್ತಾ ಬಡಿಯುತ್ತಾರೆ. ಪೆಟ್ಟು ಕ್ಷಣ ಕ್ಷಣಕ್ಕೂ ಏರುತ್ತಾ ಹೋಗುತ್ತದೆ. ನಮ್ಮ ಕಡೆ ಅದು ಕಿವಿಗೆ ಬಿದ್ದರೆ ಚಹಾ ಕುಡಿಯುತ್ತಿದ್ದವರೂ ಕಪ್ಪು ಇಟ್ಟು ಎದ್ದು ನಿಲ್ಲುತ್ತಾರೆ. ಶಂಕರೆಪ್ಪ ಹಿಂದೆ ರಾಮದುರ್ಗದ ಕಡೆ ಮೈಕು ಹಚ್ಚಿದಾಗ ಅಂಥದ್ದೊಂದನ್ನು ತಾನೇ ಹಿಡಿದಿಟ್ಟುಕೊಂಡಿದ್ದ. ಅದನ್ನು ಮಂಜುಳಾಳ ಮೊಬೈಲಿಗೆ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಾಲೇಜು ಮೈದಾನದಲ್ಲಿ ಓಡಲು ಬಿಟ್ಟ.

ಮೊದಲ ಅರ್ಧ ಸುತ್ತು ಅವಳು ಹಾರಿದಳು. ನಡೆಯಲು ಬಂದಿದ್ದ ನಿವೃತ್ತ ಮಾಸ್ತರರು ದಾರಿ ಬಿಟ್ಟು ಹುಲ್ಲಿಗೆ ಇಳಿದರು. ಎರಡನೆಯ ಅರ್ಧದಲ್ಲಿ ಅವಳ ತಲೆ ಹಿಂದಕ್ಕೆ ವಾಲಿತು, ಕೈ ಬೀಸು ಅಂಕೆ ತಪ್ಪಿತು. ಗೆರೆ ಮುಟ್ಟಿದಾಗ ಎರಡು ನಿಮಿಷ ಐದು ಸೆಕೆಂಡು. ದನಿ ಸಾಲಲಿಲ್ಲ ಎಂದು ಶಂಕರೆಪ್ಪ ನಿಶ್ಚಯಿಸಿದ. ಮರುದಿನ ದನಿ ಏರಿಸಿದ. ಅದರ ಮರುದಿನ ಹಲಗೆಗೆ ಇನ್ನೊಂದು ಹಲಗೆ ಕೂಡಿಸಿದ. ಮೂರು ವಾರ ಹೀಗೆ ನಡೆಯಿತು. ಸೆಕೆಂಡುಗಳು ಐದರಿಂದ ಆರಾದವು, ಆರರಿಂದ ಎಂಟಾದವು. ಹುಡುಗಿ ಓಡಿ ಬಂದು ಮೊಣಕಾಲ ಮೇಲೆ ಕೈ ಊರಿ ನಿಲ್ಲುತ್ತಿದ್ದಳು, ಅಷ್ಟೆ. ಅದನ್ನು ನೋಡುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಹನ್ನೆರಡು ದಿನ ಉಳಿದಿದ್ದಾಗ ಪ್ರವೇಶ ಪತ್ರ ಬಂತು. ಮಂಜುಳಾ ಅದನ್ನು ಜಿಮ್ಮಿಗೆ ತಂದು ಶಂಕರೆಪ್ಪನ ಎದುರೇ ಓದಿದಳು. ಮೈದಾನದೊಳಗೆ ಮೊಬೈಲ್, ಇಯರ್‌ಫೋನ್, ಗಡಿಯಾರ ಯಾವುದೂ ಒಯ್ಯುವಂತಿಲ್ಲ ಎಂದು ಕೆಳಗೆ ದಪ್ಪ ಅಕ್ಷರದಲ್ಲಿತ್ತು.

ಶಂಕರೆಪ್ಪ ಆ ಕಾಗದವನ್ನು ಇಸಿದುಕೊಂಡು ತಾನೂ ಓದಿದ. ಮದುವೆ ಮನೆಯಲ್ಲಿ ಮೈಕು ಹಚ್ಚಲು ಎಲ್ಲಿ ಪರವಾನಗಿ ಬೇಕು, ಎಲ್ಲಿ ಬೇಡ ಎಂಬುದನ್ನೆಲ್ಲ ಬಾಯಿಪಾಠ ಮಾಡಿದ್ದವನು ಈ ಒಂದು ಮಾತನ್ನು ಯಾರನ್ನೂ ಕೇಳಿರಲಿಲ್ಲ.

“ಹೋದ ಸಲಾ ಓಡಿದಾಗ ಕಿವ್ಯಾಗ ಏನಿತ್ತು ತಂಗಿ?” ಎಂದ.

“ಏನೂ ಇರಲಿಲ್ಲರಿ ಕಾಕಾ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲರಿ. ಹಿರ್ಯಾರು ಏನೋ ಯುಕ್ತಿ ಮಾಡಿರಬೇಕು ಅಂತ ತಿಳಕೊಂಡ್ನಿ.”

ಆ ಮಧ್ಯಾಹ್ನ ಮನೆಯಲ್ಲಿ ಶಂಕರೆಪ್ಪ ರೊಟ್ಟಿ ಮುರಿದ, ಬಾಯಿಗೆ ಇಡಲಿಲ್ಲ. ಸುಂದರವ್ವ ಕಾರಣ ಕೇಳಿದಳು; ಅವನು ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿಕೊಂಡು, ಪಲ್ಯ ಬಡಿಸುತ್ತಾ, ತೆರಬಂಡಿಗೆ ಗಡುವು ಎಷ್ಟು ಎಂದು ವಿಚಾರಿಸಿದಳು. ಒಂದು ನಿಮಿಷ ಎಂದ.

“ಹಂಗಾರ ಎತ್ತು ನಿಮಿಷ ಆದ ಮ್ಯಾಲೆ ನಿಲ್ಲತೈತಿ. ಆ ಹುಡಿಗಿಗೆ ಎರಡು ನಿಮಿಷ ಓಡೂದೈತಲ್ಲ. ಎತ್ತಿಂದು ಮುಗದ ಮ್ಯಾಲೆ ಆಕಿ ಏನು ಮಾಡಬೇಕು?”

ಶಂಕರೆಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಮೂರು ವಾರ ಅವನು ನೋಡಿದ್ದು ಹುಡುಗಿಯ ಕಾಲನ್ನು. ಎದೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಮುರಗೋಡದ ಅಂದಾನೆಪ್ಪ ಇದ್ದಿದ್ದರೆ ಪೇಟಿ ಮುಚ್ಚಿ ಎದ್ದು ಹೋಗುತ್ತಿದ್ದರು. ಸುಂದರವ್ವ ಖಾರದ ಡಬ್ಬಿ ಇಳಿಸಿದಳು. ಬಾಯವ್ವನ ಹತ್ತಿರ ಎರಡು ಕಿಲೋ ಖಾರ ಹೇಳಿದ್ದೇನೆ, ಹೋಗಿ ತಗೊಂಡು ಬರ್ರಿ, ಹಾಗೇ ತಪ್ಪಾಯಿತು ಅಂತ ಒಂದು ಮಾತು ಹೇಳಿ ಬರ್ರಿ ಎಂದು ಡಬ್ಬಿ ಕೈಗೆ ಕೊಟ್ಟಳು.

ಬಾಯವ್ವನ ಮನೆ ಹಳೆಯ ಓಣಿಯ ಕೊನೆಗೆ. ತಿರುವಿನಲ್ಲೇ ಶಂಕರೆಪ್ಪನಿಗೆ ಸೀನು ಬಂತು. ಸೀನು ನಿಂತ ಮೇಲೆ ಕಿವಿಗೆ ಒಂದು ಸದ್ದು ಬಿತ್ತು: ಧಮ್, ಧಮ್, ಧಮ್, ಧಮ್. ಅವನು ಡಬ್ಬಿ ಹಿಡಿದು ಅಲ್ಲೇ ನಿಂತ. ಹೆಬ್ಬೆರಳು ತಾನಾಗಿ ಬೆರಳ ಗೆಣ್ಣುಗಳನ್ನು ಎಣಿಸತೊಡಗಿತು. ಒಂದು ಆವರ್ತ, ಹತ್ತು ಆವರ್ತ, ಮೂವತ್ತು ಆವರ್ತ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

ಒಳಗೆ ಹಿತ್ತಲಿನಲ್ಲಿ ಮರದ ಒರಳಿನ ಎದುರುಬದುರು ನಿಂತು ಅತ್ತೆ ಸೊಸೆ ಇಬ್ಬರೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಕುಟ್ಟುತ್ತಿದ್ದರು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳುತ್ತಿತ್ತು. ಮಂಜುಳಾ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಎಷ್ಟು ಹೊತ್ತಿನಿಂದ ಎಂದು ಅವನು ಕೇಳಿದ. ಊಟ ಆದಾಗಿನಿಂದ ಎಂದಳು ಬಾಯವ್ವ, ಒನಕೆ ನಿಲ್ಲಿಸಲಿಲ್ಲ. ಅಂದರೆ ಮುಕ್ಕಾಲು ತಾಸು. ಹುಡುಗಿಗೆ ಏದುಸಿರು ಇರಲಿಲ್ಲ. ಅವಳ ಒನಕೆ ಬೀಳುವಾಗ ಮೂಗಿನಿಂದ “ಹುಂ” ಎಂದು ಉಸಿರು ಹೊರಗೆ. ಅತ್ತೆಯ ಒನಕೆ ಬೀಳುವಾಗ ಒಳಗೆ. ಶಂಕರೆಪ್ಪ ಈಗ ಎದೆಯನ್ನೇ ನೋಡುತ್ತಿದ್ದ.

“ಅಕ್ಕಾರ, ಕುಟ್ಟೂ ಚಾಲ್ ತಪ್ಪಿದ್ರ ಏನಾಗತೈತಿ?”

“ಅವಸರಾ ಮಾಡಿದ್ರ ಒನಕಿಗೆ ಒನಕಿ ಬಡೀತಾವು, ಕೈಬಟ್ಟು ಜಜ್ಜಿ ಹೋಗತೈತಿ. ತಡಾ ಮಾಡಿದ್ರ ಎದುರಿನಾಕಿ ಕೈಯಾಗಿನ ಜೋರು ಹೋಗತೈತಿ. ಇಕಿ ಏಳು ವರ್ಷದಾಕಿ ಇದ್ದಾಗಿಂದ ನನ್ನ ಎದುರು ನಿಂತಾಳ್ರಿ, ಒಂದ ಸಲಾನೂ ಬಡದಿಲ್ಲ.”

ಶಂಕರೆಪ್ಪ ತಪ್ಪಾಯಿತು ಎಂದು ಹೇಳುವುದನ್ನು ಮರೆತ. ಖಾರವನ್ನೂ ಮರೆತ. ಅಂಗಳದಲ್ಲಿ ನಿಂತು, ತನ್ನ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಒಂದೊಂದು ಏಟಿಗೆ ಎರಡೆರಡು ಹೆಜ್ಜೆ ಹಾಕಿ ನಿಂತಲ್ಲೇ ಓಡಿ ನೋಡಿದ. ಬಾಯವ್ವ ಮೊದಲ ಬಾರಿಗೆ ಒನಕೆ ನಿಲ್ಲಿಸಿದಳು. ಖಾರದ ಘಾಟು ನೆತ್ತಿಗೆ ಏರಿತೇನೋ ಎಂದು ಸೊಸೆಯನ್ನು ನೀರಿಗೆ ಕಳಿಸಿದಳು. ನೀರು ಕುಡಿದು ಅವನು ಲೆಕ್ಕ ಒಪ್ಪಿಸಿದ. ಮಂಜುಳಾಳ ಒಂದು ಏಟು, ಅತ್ತೆಯ ಒಂದು ಏಟು, ಎರಡಕ್ಕೂ ಕೂಡಿ ನಾಲ್ಕು ಹೆಜ್ಜೆ. ತನ್ನ ಏಟಿನ ಎರಡು ಹೆಜ್ಜೆಗೆ ಉಸಿರು ಬಿಡುವುದು, ಅತ್ತೆಯ ಏಟಿನ ಎರಡು ಹೆಜ್ಜೆಗೆ ತೆಗೆದುಕೊಳ್ಳುವುದು. ಈ ಚಾಲಿನಲ್ಲಿ ಸುತ್ತು ಮುಗಿಸಿದರೆ ಎರಡು ನಿಮಿಷದೊಳಗೆ ಗೆರೆ ಸಿಗಬೇಕು. ಸಿಗದಿದ್ದರೆ ಅವನು ಮುಂದೆ ಜಿಮ್ಮಿನಲ್ಲಿ ಪೇಟಿ ಬಿಟ್ಟು ಬೇರೆ ಏನನ್ನೂ ಹಚ್ಚುವುದಿಲ್ಲ.

ಮರುದಿನ ಬೆಳಿಗ್ಗೆ ಆ ಮರದ ಒರಳು ಮೈದಾನಕ್ಕೆ ಬಂತು. ಶ್ರೀಶೈಲನ ಜಿಮ್ಮಿನ ನಾಲ್ವರು ಹೊತ್ತು ತಂದರು. ದಿನಾ ಕಬ್ಬಿಣ ಎತ್ತಿ ಎತ್ತಿದಲ್ಲೇ ಇಡುವ ಆ ಮಂದಿ, ಎತ್ತಿದ್ದನ್ನು ಇನ್ನೊಂದು ಕಡೆ ಮುಟ್ಟಿಸಿದ್ದು ಅದೇ ಮೊದಲು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಬಾಯವ್ವ ಕೆಲಸ ಕೆಡಿಸಿಕೊಳ್ಳುವವಳಲ್ಲ. ಬರೀ ಒರಳು ಯಾಕೆ ಕುಟ್ಟಲಿ ಎಂದು ಮೆಣಸಿನಕಾಯಿಯ ಚೀಲವನ್ನೂ ತಂದಿದ್ದಳು. ಮೈದಾನದ ನಡುವೆ ಅವಳು ಕುಟ್ಟತೊಡಗಿದಳು. ಎದುರಿನ ಒನಕೆಯನ್ನು ಶ್ರೀಶೈಲ ಹಿಡಿದ. ನೂರು ಕುಸ್ತಿ ಹಿಡಿದವನಿಗೆ ಮೊದಲ ನಿಮಿಷದಲ್ಲೇ ಎರಡು ಸಲ ಒನಕೆ ಬಡಿದವು. ಬಾಯವ್ವ ಅವನನ್ನು ನೋಡಿದ ನೋಟಕ್ಕೆ ಅವನು ಅಷ್ಟೇ ಬೇಗ ಕಲಿತ. ಗಾಳಿಯ ದಿಕ್ಕಿಗೆ ನಡೆಯುತ್ತಿದ್ದ ಹಿರಿಯರೆಲ್ಲ ಸೀನುತ್ತಾ ಸೀನುತ್ತಾ ಸುತ್ತು ಹಾಕಿದರು, ದಿನಕ್ಕಿಂತ ಬೇಗ.

ಮಂಜುಳಾ ಬರಿಗಿವಿಯಲ್ಲಿ ಓಡಿದಳು. ಮೊದಲರ್ಧ ನೋಡುವವರಿಗೆ ಬೇಸರ ಬರುವಷ್ಟು ಸಾವಕಾಶ ಕಂಡಿತು. ಎರಡನೆಯ ಅರ್ಧವೂ ಅಷ್ಟೇ ಸಾವಕಾಶ. ಆದರೆ ಮೊದಲಿನಂತೆ ಕುಸಿಯಲಿಲ್ಲ. ಎರಡು ನಿಮಿಷ ಎರಡು ಸೆಕೆಂಡು. ಮೂರನೆಯ ದಿನ ಸರಿಯಾಗಿ ಎರಡು ನಿಮಿಷ. ಐದನೆಯ ದಿನ ಒಂದು ಐವತ್ತೆಂಟು. ಆಗ ಶಂಕರೆಪ್ಪ ಒಂದು ಕಠಿಣ ಕೆಲಸಕ್ಕೆ ಕೈ ಹಾಕಿದ. ಸದ್ದನ್ನು ದಿನದಿನಕ್ಕೂ ಕಡಿಮೆ ಮಾಡುತ್ತಾ ಬಂದ. ಮೊದಲು ಅರ್ಧ ಸುತ್ತಿಗೆ ಒನಕೆ ನಿಲ್ಲಿಸಿದ, ಆಮೇಲೆ ಕಾಲು ಸುತ್ತಿಗೆ, ಆಮೇಲೆ ಇಪ್ಪತ್ತು ಏಟಿಗೆ. ಕೊನೆಯ ಎರಡು ದಿನ ಬಾಯವ್ವ ಒನಕೆ ಎತ್ತಿ ಹಿಡಿದು ಸುಮ್ಮನೆ ನಿಂತಳು, ಮಂಜುಳಾ ಓಡಿದಳು. ಇಪ್ಪತ್ತು ವರ್ಷ ಊರೂರಿಗೆ ಸದ್ದು ಒದಗಿಸಿದವನು ಸದ್ದು ತೆಗೆದು ಕೂತದ್ದು ಅವನಿಗೇ ಸೋಜಿಗವಾಗಿತ್ತು.

ಪರೀಕ್ಷೆಯ ದಿನ ಬೆಳಗಾವಿಯ ಮೈದಾನಕ್ಕೆ ಮೂವರೂ ಮೊದಲ ಬಸ್ಸಿಗೇ ಹೋದರು. ಮಂಜುಳಾ ಎದೆಗೆ ನಂಬರಿನ ಚೀಟಿ ಹಚ್ಚಿಕೊಂಡು ಒಳಗೆ ಹೋದಳು. ಶಂಕರೆಪ್ಪ, ಬಾಯವ್ವ ತಂತಿಬೇಲಿಯ ಹೊರಗೆ ನಿಂತರು. ಗಡಿಯಾರ ಒಳಗಿನ ಸಾಹೇಬರ ಕೈಯಲ್ಲಿ. ಹೊರಗಿನವರಿಗೆ ಕಾಣುವುದು ಓಟ ಮಾತ್ರ. ಹತ್ತು ಹತ್ತು ಹುಡುಗಿಯರನ್ನು ಬಿಡುತ್ತಿದ್ದರು. ಅವಳ ಸರದಿ ಬಂತು, ಸೀಟಿ ಊದಿದರು.

ನೂರು ಮೀಟರಿಗೆ ಮಂಜುಳಾ ಒಂಬತ್ತನೆಯವಳು. ನೂರೈವತ್ತಕ್ಕೂ ಒಂಬತ್ತನೆಯವಳೇ. ಮುಂದಿನವರ ಧೂಳು ಅವಳ ಮುಖಕ್ಕೆ ಬರುತ್ತಿತ್ತು. ಬಾಯವ್ವ ತಂತಿಯನ್ನು ಎರಡೂ ಕೈಯಿಂದ ಹಿಡಿದಳು. ಓಡು ಎಂದು ಕೂಗಲು ಬಾಯಿ ತೆರೆದಳು. ಶಂಕರೆಪ್ಪ ತಡೆದ.

“ಕೂಗಬ್ಯಾಡ್ರಿ ಅಕ್ಕಾರ. ಅವರೆಲ್ಲಾ ತೆರಬಂಡಿ ಓಡಾಕ ಹತ್ಯಾರ. ನಮ್ಮಾಕಿ ಖಾರಾ ಕುಟ್ಟಾಕ ಹತ್ಯಾಳ. ಸುಮ್ಮ ನೋಡ್ರಿ.”

ಹೇಳುವುದನ್ನು ಧೈರ್ಯವಾಗಿ ಹೇಳಿದ. ಹೆಬ್ಬೆರಳನ್ನು ಮಾತ್ರ ಗೆಣ್ಣಿನಿಂದ ಎತ್ತಲಿಲ್ಲ. ಎಣಿಸುತ್ತಾ ಹೋದ. ಎರಡನೆಯ ತಿರುವಿನಲ್ಲಿ ಮುಂದಿದ್ದ ಒಬ್ಬಳ ಹೆಜ್ಜೆ ಕಿರಿದಾಯಿತು. ಇನ್ನೊಬ್ಬಳು ಪಕ್ಕೆ ಹಿಡಿದುಕೊಂಡಳು. ಮಂಜುಳಾ ಜೋರು ಮಾಡಲಿಲ್ಲ, ಸಣ್ಣದೂ ಮಾಡಲಿಲ್ಲ. ಒಬ್ಬೊಬ್ಬರೇ ತಾವಾಗಿ ಅವಳ ಹಿಂದೆ ಸರಿದರು. ಗೆರೆ ದಾಟಿದಾಗ ನಾಲ್ಕನೆಯವಳು. ನಾಲ್ಕನೆಯವಳಾದರೇನು, ಎರಡು ನಿಮಿಷ ಆಗಿದೆಯೋ ಇಲ್ಲವೋ ಎಂಬುದೇ ಮಾತು. ಶಂಕರೆಪ್ಪನ ಬೆರಳೆಣಿಕೆ ಆಗಿಲ್ಲ ಎನ್ನುತ್ತಿತ್ತು. ಆದರೆ ಮೂರು ವಾರ ತಪ್ಪು ದಾರಿಯಲ್ಲಿ ಓಡಿಸಿದ್ದೂ ಅದೇ ಬೆರಳು.

ಅರ್ಧ ತಾಸಿಗೆ ಅವಳು ಗೇಟಿನಿಂದ ಹೊರಗೆ ಬಂದಳು. ನಡಿಗೆಯಲ್ಲಿ ಏನೂ ತಿಳಿಯುವಂತಿರಲಿಲ್ಲ. ಹತ್ತಿರ ಬಂದು ಚೀಟಿ ತೋರಿಸಿದಳು. ಒಂದು ಐವತ್ತೇಳು ಎಂದು ಬರೆದಿತ್ತು.

“ಅತ್ತಿ, ಎದುರಿಗೆ ನೀವು ನಿಂತಂಗ ಇತ್ತು ನೋಡ್ರಿ,” ಎಂದಳು. “ನಿಮ್ಮ ಒನಕಿ ಒಂದ ಸಲಾನೂ ತಪ್ಪಲಿಲ್ಲ.”

ಬಾಯವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೆರಗಿನಲ್ಲಿ ಖಾರ ಇದ್ದುದರಿಂದ ಆ ಕಣ್ಣೀರು ಬಸ್‌ಸ್ಟ್ಯಾಂಡು ಮುಟ್ಟುವ ತನಕ ನಿಲ್ಲಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಬೇರೆ ಊರಿನವರು, ಪಾಪ ಹುಡುಗಿ ನಪಾಸಾದಳು ಎಂದು ತಿಳಿದು ಸಮಾಧಾನ ಹೇಳಿದರು. ಶಂಕರೆಪ್ಪ ಅವರಿಗೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಾ, ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದ. ಬೆಳಗಿನಿಂದ ಅದೇ ಮೊದಲ ಎಲೆ.

ಮಂಜುಳಾ ಈಗ ಪೊಲೀಸ್ ತರಬೇತಿಯಲ್ಲಿದ್ದಾಳೆ. ಕವಾಯತಿನಲ್ಲಿ ಇಡೀ ಸಾಲಿನ ಹೆಜ್ಜೆ ತಪ್ಪಿದರೂ ನನ್ನದು ತಪ್ಪುವುದಿಲ್ಲ, ಅದಕ್ಕೇ ನಾನು ಒಬ್ಬಳೇ ತಪ್ಪಿದವಳಂತೆ ಕಾಣುತ್ತೇನೆ ಎಂದು ಫೋನಿನಲ್ಲಿ ದೂರು ಹೇಳುತ್ತಾಳಂತೆ. ಬಾಯವ್ವನ ಎದುರು ಈಗ ವಾರಕ್ಕೆ ಎರಡು ದಿನ ಶ್ರೀಶೈಲ ಒನಕೆ ಹಿಡಿಯುತ್ತಾನೆ. ತೋಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ಇಲ್ಲ ಎಂದು ಜಿಮ್ಮಿಗೆ ಬಂದವರಿಗೆ ಹೇಳುತ್ತಾನೆ. ಯಾರೂ ನಂಬಿ ಒರಳಿನ ಹತ್ತಿರ ಹೋಗಿಲ್ಲ. ಒನಕೆಯ ಸದ್ದನ್ನು ಶಂಕರೆಪ್ಪ ಹಿಡಿದಿಟ್ಟುಕೊಂಡಿದ್ದಾನೆ, ಸೈಕಲ್ಲಿನವರಿಗೆ ಹಚ್ಚುತ್ತಾನೆ. ಅದನ್ನು ಕೇಳಿದರೆ ಬಿಸಿ ರೊಟ್ಟಿ, ಕೆಂಪು ಖಾರ, ಎಣ್ಣೆ ನೆನಪಾಗಿ ಹಸಿವೆ ಆಗುತ್ತದೆ, ಕರಗಿಸಲು ಬಂದ ಹೊಟ್ಟೆ ಬೆಳೆಯುತ್ತದೆ ಎಂದು ದುಂಡಪ್ಪ ಜಗಳ ತೆಗೆದಿದ್ದಾನೆ. ಶಂಕರೆಪ್ಪನ ತೂಕ ಮಾತ್ರ ನಲವತ್ತೇಳರ ಮೇಲೆ ಏರಿಲ್ಲ. ಸುಂದರವ್ವನ ಎರಡು ಕಿಲೋ ಖಾರವನ್ನು ಅವನು ಮೂರನೆಯ ಸಲಕ್ಕೆ ನೆನಪಿಟ್ಟು ತಂದ.

ಒರಳು ಮೈದಾನಕ್ಕೆ ಬಂದ ಬೆಳಿಗ್ಗೆ ಸೀನುತ್ತಾ ನಡೆದವರಲ್ಲಿ ನಾನೂ ಒಬ್ಬ. ಆಗ ಎರಡು ಸುತ್ತಿಗೆ ಮೆಟ್ಟಿಲು ಹುಡುಕಿ ಕೂರುತ್ತಿದ್ದೆ. ನನ್ನ ಎದೆ ನೋಡಿ ಶಂಕರೆಪ್ಪ ಒಂದು ಚಾಲ್ ಗೊತ್ತುಮಾಡಿ ಕೊಟ್ಟ. ಬಾಯವ್ವನ ಚಾಲಿನ ಅರ್ಧ, ಒಂದು ಏಟಿಗೆ ಒಂದೇ ಹೆಜ್ಜೆ. ಈಗ ದಿನಾ ಎಂಟು ಸುತ್ತು ನಡೆಯುತ್ತೇನೆ, ನಡುವೆ ಎಲ್ಲೂ ಕೂರುವುದಿಲ್ಲ. ಅದರಲ್ಲಿ ಎರಡು ಸುತ್ತು ನನ್ನವು. ಆರು ಶಂಕರೆಪ್ಪನವು.